ಖಾಲಿ ಹ್ಯಾಂಗರುಗಳ ಕೋಣೆ

ಎಳೆದದ್ದು ಒಂದನ್ನು, ಬಂದದ್ದು ನಾಲ್ಕು.

ಒಂದರ ಕೊಕ್ಕೆ ಇನ್ನೊಂದರ ಹೆಗಲಿಗೆ, ಅದರ ಕೊಕ್ಕೆ ಮತ್ತೊಂದರ ಹೊಟ್ಟೆಗೆ ಸಿಕ್ಕಿಕೊಂಡು, ಬೀರುವಿನ ಬಾಗಿಲಿಗೆ ಬಡಿದು ಅವನ ಬರಿಗಾಲಿನ ಮೇಲೆ ಬಿದ್ದವು. ಕೈಯಲ್ಲಿ ಉಳಿದದ್ದು ಅವನಿಗೆ ಬೇಕಾದ ಬಿಳಿ ಅಂಗಿಯಲ್ಲ, ಒಂದು ತಂತಿ ಹ್ಯಾಂಗರು. ಖಾಲಿ.

"ಥೂ!" ಎಂದ. ಯಾರಿಗೂ ಅಲ್ಲ. ಆದರೆ ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿ.

ಅಡುಗೆಮನೆಯಲ್ಲಿ ಲೋಟ ತೊಳೆಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬಿಡಿಸಲು ನೋಡಿದ. ಒಂದನ್ನು ತಿರುಗಿಸಿದರೆ ಇನ್ನೆರಡು ಬಿಗಿಯಾಗುತ್ತಿದ್ದವು. ತಂತಿಗೆ ಇಷ್ಟು ಹಟ ಎಲ್ಲಿಂದ ಬರುತ್ತದೆ? ಬಟ್ಟೆ ಹೊತ್ತಿರುವಾಗ ಬಾಯಿ ಮುಚ್ಚಿಕೊಂಡು ಸಾಲಾಗಿ ನಿಂತಿರುತ್ತವೆ. ಬಟ್ಟೆ ಇಳಿಸಿದ ಮರುಗಳಿಗೆಯೇ ಒಂದರ ಮೇಲೊಂದು ಬಿದ್ದು ಜಗಳ.

ಬೀರುವಿನ ಬಲ ಅರ್ಧ ಅವನದು, ಎಡ ಅರ್ಧ ಹೆಂಡತಿಯದು. ಇಪ್ಪತ್ತಮೂರು ವರ್ಷಗಳಿಂದ ಹಾಗೆಯೇ. ಅವನ ಅರ್ಧದಲ್ಲಿ ಏಳು ಅಂಗಿ, ನಾಲ್ಕು ಪ್ಯಾಂಟು, ಒಂದು ಕೋಟು. ಅವು ಎಂದೂ ಹೆಚ್ಚಾಗುತ್ತಿರಲಿಲ್ಲ, ಕಡಿಮೆಯಾಗುತ್ತಿರಲಿಲ್ಲ. ಎಡಗಡೆ ಒಂದು ಸ್ವೆಟರು, ಒಂದು ಬೂದು ಅಂಗಿ, ಉಳಿದದ್ದೆಲ್ಲ ಖಾಲಿ ಹ್ಯಾಂಗರುಗಳ ಗುಂಪು. ಆ ಗುಂಪು ಈಗ ಗಡಿ ದಾಟಿ ಅವನ ಅಂಗಿಗಳ ನಡುವೆಯೂ ನುಗ್ಗಿತ್ತು.

"ಇದೇನು ಮನೆಯೋ ಗುಜರಿ ಅಂಗಡಿಯೋ?"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಕೆಲಸಕ್ಕೆ ಹೊರಡಲು ಸಿದ್ಧವಾಗಿದ್ದಳು. ನೀಲಿ ಕೋಟು, ಹೆಗಲಿಗೆ ಚೀಲ.

"ಏನಾಯ್ತು?"

"ಏನಾಯ್ತಾ? ಒಂದು ಎಳೆದ್ರೆ ನಾಲ್ಕು ಬರುತ್ತೆ. ನೋಡು."

"ಖಾಲಿ ಇರೋದನ್ನ ತೆಗೆದು ಬೇರೆ ಕಡೆ ಇಟ್ರಾಯ್ತು."

"ಯಾರಿಡಬೇಕು?"

"ಯಾರಿಗೆ ತೊಂದರೆ ಆಗಿದೆಯೋ ಅವರು."

ನಾಲ್ಕು ತಿಂಗಳಿಂದ ಅವಳು ಅವನನ್ನು 'ರೀ' ಎಂದು ಕರೆದಿರಲಿಲ್ಲ. ಅವಳ ಮಾತುಗಳು ಈಗ ಯಾರನ್ನೂ ಕರೆಯದೆ ನೇರವಾಗಿ ಶುರುವಾಗುತ್ತಿದ್ದವು, ರೈಲು ನಿಲ್ದಾಣದ ಪ್ರಕಟಣೆಯ ಹಾಗೆ. ಕೇಳಬೇಕಾದವರು ಕೇಳಿಕೊಳ್ಳಬೇಕು.

ಅವಳ ಚೀಲದ ಜಿಪ್ಪು ಪೂರ್ತಿ ಮುಚ್ಚಿರಲಿಲ್ಲ. ಊಟದ ಡಬ್ಬಿಯ ಪಕ್ಕದಿಂದ ಹಸಿರು ತೋಳಿನ ತುದಿಯೊಂದು ಹೊರಗೆ ಇಣುಕುತ್ತಿತ್ತು. ಹಸಿರು ಅಂಗಿ. ನಿನ್ನೆ ರಾತ್ರಿ ಅದು ಬೀರುವಿನಲ್ಲಿತ್ತು. ಅವನು ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು. ಜಿಪ್ಪು ಎಳೆಯಲಿಲ್ಲ. ನಿಂತೇ ಇದ್ದಳು.

"ಈ ಹ್ಯಾಂಗರಿಗೊಂದು ಗತಿ ಕಾಣಿಸ್ತೀನಿ ಇವತ್ತು," ಎಂದ.

"ಕಾಣಿಸಿ," ಎಂದಳು. "ಸಂಜೆ ಬೇಗ ಬರ್ತೀನಿ. ಮಾತಾಡೋದಿದೆ."

"ನನಗೂ ಮಧ್ಯಾಹ್ನದ ತನಕವೇ ಡ್ಯೂಟಿ."

ಅವಳು ಹೋದಳು. ಬಾಯಿ ತುಂಬ ಪೇಸ್ಟಿನ ನೊರೆ ತುಂಬಿಕೊಂಡ ಮಗಳು ಬಚ್ಚಲಮನೆಯಿಂದ ತಲೆ ಹೊರಹಾಕಿದಳು. "ಅಪ್ಪಾ, ಹ್ಯಾಂಗರ್ ಮೇಲೆ ಯಾಕಪ್ಪಾ ಅಷ್ಟು ಸಿಟ್ಟು?"

"ಸಿಟ್ಟಲ್ಲ. ವ್ಯವಸ್ಥೆ."

ಮಗಳು ಉಗುಳಿದಳು. ಪೇಸ್ಟನ್ನೇ ಇರಬೇಕು.

*

ಆಸ್ಪತ್ರೆಯ ಎಕ್ಸ್‌ರೇ ವಿಭಾಗ ನೆಲಮಾಳಿಗೆಯಲ್ಲಿತ್ತು. ಇಪ್ಪತ್ತಾರು ವರ್ಷಗಳಿಂದ ಅವನು ಅಲ್ಲಿ ಜನರ ಒಳಗನ್ನು ನೋಡುತ್ತಿದ್ದ. ನೋಡಿದ್ದನ್ನು ಹೇಳುವುದು ಅವನ ಕೆಲಸವಲ್ಲ. ಚಿತ್ರ ತೆಗೆಯುವವನು ಟೆಕ್ನಿಷಿಯನ್, ಓದುವವರು ಡಾಕ್ಟರು. ಟೆಕ್ನಿಷಿಯನ್ ಬಾಯಿ ಬಿಟ್ಟರೆ ಮೇಲಿನವರು ನೋಟೀಸು ಕೊಡುತ್ತಾರೆ. ಅವನಿಗೆ ಒಂದೂ ನೋಟೀಸು ಬಂದಿರಲಿಲ್ಲ.

ಆ ಬೆಳಿಗ್ಗೆ ಮೊದಲು ಬಂದದ್ದು ಒಬ್ಬ ಅಜ್ಜಿ. ಬಚ್ಚಲಲ್ಲಿ ಜಾರಿ ಬಿದ್ದಿದ್ದಳಂತೆ. ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಮಗುವಿನಂತೆ ಹಿಡಿದುಕೊಂಡಿದ್ದಳು. ಅವಳ ಸ್ವೆಟರನ್ನು ಅವನೇ ಮೆಲ್ಲಗೆ ಬಿಡಿಸಿ ಬಾಗಿಲ ಹಿಂದಿನ ಹ್ಯಾಂಗರಿಗೆ ಹಾಕಿದ. ಆ ಬಾಗಿಲಿಗೆ ಇರುವುದು ಒಂದೇ ಮೊಳೆ, ಒಂದೇ ಹ್ಯಾಂಗರು. ಇಪ್ಪತ್ತಾರು ವರ್ಷದಲ್ಲಿ ಅದು ಯಾವುದಕ್ಕೂ ಸಿಕ್ಕಿಕೊಂಡಿರಲಿಲ್ಲ.

"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಹಾಗೇ. ಬಿಡಿ."

ಪರದೆಯ ಮೇಲೆ ಹೆಗಲು ಮೂಡಿತು. ಕತ್ತಿನ ಕೆಳಗಿನ ಮೂಳೆ ಮುರಿದು ಒಂದು ತುದಿ ಇನ್ನೊಂದರ ಮೇಲೆ ಹತ್ತಿ ಕೂತಿತ್ತು. ನಡುವೆ ಕತ್ತು, ಎರಡು ಕಡೆ ಇಳಿಜಾರು. ಸಾವಿರಾರು ಹೆಗಲು ನೋಡಿದ್ದ. ಇವತ್ತು ಮೊದಲ ಸಲ ಹ್ಯಾಂಗರಿನಂತೆ ಕಂಡಿತು. ಅವನಿಗೆ ಆ ಮೂಳೆಯ ಮೇಲೂ ಸಿಟ್ಟು ಬಂತು.

"ಏನಿದೆಯಪ್ಪಾ ಒಳಗೆ?" ಅಜ್ಜಿ ಕೇಳಿದಳು.

"ಡಾಕ್ಟರ್ ಹೇಳ್ತಾರಮ್ಮ."

"ನೀನು ನೋಡಿದ್ಯಲ್ಲ?"

"ನೋಡಿದೆ."

"ಮತ್ತೆ?"

"ಹೇಳೋದು ನನ್ನ ಕೆಲಸ ಅಲ್ಲ."

ಅಜ್ಜಿ ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. "ಪುಣ್ಯವಂತ," ಎಂದಳು. "ಬರೀ ನೋಡೋ ಕೆಲಸ. ನಮ್ಮನೇಲೂ ಒಬ್ಬರಿದ್ರು, ಹೀಗೇ ನೋಡ್ತಾ ಕೂತಿರ್ತಿದ್ರು. ಸಂಬಳ ಕೊಡೋರು ಸಿಗಲಿಲ್ಲ ಪಾಪ."

ಅವನು ಸ್ವೆಟರನ್ನು ಅವಳ ಹೆಗಲಿನ ಮೇಲೆ ಹೊದಿಸಿದ. ಸ್ವಲ್ಪ ಒರಟಾಗಿ. ಅಜ್ಜಿ ಹಲ್ಲು ಕಚ್ಚಿಕೊಂಡಳು.

ನಾಲ್ಕು ತಿಂಗಳ ಹಿಂದೆ ಇದೇ ಜಾಗದಲ್ಲಿ, ಇದೇ ಹ್ಯಾಂಗರಿಗೆ, ಹೆಂಡತಿ ತನ್ನ ನೀಲಿ ಕೋಟು ತೂಗುಹಾಕಿದ್ದಳು. ಎರಡು ವಾರದಿಂದ ಬಿಡದ ಕೆಮ್ಮು. ಅವನೇ ಕರೆದುಕೊಂಡು ಬಂದಿದ್ದ, ಅವನೇ ನಿಲ್ಲಿಸಿದ್ದ, ಅವನೇ 'ಉಸಿರು ಹಿಡ್ಕೊ' ಎಂದಿದ್ದ. ಪರದೆಯ ಮೇಲೆ, ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ, ಅಂಗಿಯ ಗುಂಡಿಯಷ್ಟು ಅಗಲದ ಒಂದು ಬಿಳಿ ಕಲೆ ಮೂಡಿತ್ತು.

"ಏನಿದೆ ರೀ?" ಕೋಟಿನ ಗುಂಡಿ ಹಾಕಿಕೊಳ್ಳುತ್ತ ಅವಳು ಕೇಳಿದ್ದಳು.

"ಡಾಕ್ಟರ್ ಹೇಳ್ತಾರೆ."

ಡಾಕ್ಟರು ಮೂರು ದಿನ ರಜೆಯಲ್ಲಿದ್ದರು. ಆ ಮೂರು ದಿನ ಅವನು ಏನೂ ಹೇಳಲಿಲ್ಲ. ದಿನವೂ ಸಂಜೆ ಕಿತ್ತಳೆ ತಂದ. ಸುಲಿದು, ನಾರು ತೆಗೆದು, ತೊಳೆ ತೊಳೆಯಾಗಿ ತಟ್ಟೆಯಲ್ಲಿಟ್ಟು ಅವಳ ಮುಂದೆ ತಳ್ಳಿದ. ಮದುವೆಯಾದಂದಿನಿಂದ ಒಂದು ಹಣ್ಣು ಸುಲಿದು ಕೊಟ್ಟವನಲ್ಲ. ಅವಳು ಆ ಕಿತ್ತಳೆಯಲ್ಲೇ ವಿಷಯ ಓದಿಕೊಂಡಿದ್ದಳು.

ನಾಲ್ಕನೆಯ ದಿನ ಡಾಕ್ಟರು ಚಿತ್ರವನ್ನು ನೋಡಿ, ಇದು ಚಿಕ್ಕಂದಿನಲ್ಲಿ ಆಗಿ ವಾಸಿಯಾದ ಯಾವುದೋ ಹಳೆಯ ಗಾಯದ ಗುರುತು, ಏನೂ ಇಲ್ಲ ಎಂದರು. ಹೊರಗಿನ ಕಾರಿಡಾರಿನಲ್ಲಿ ಅವನು ನಕ್ಕುಬಿಟ್ಟ. ಬೆಂಚಿನ ಮೇಲೆ ಕೂತು ಜೋರಾಗಿ ನಕ್ಕ. ಅವಳು ನಗಲಿಲ್ಲ.

"ಮೂರು ದಿನ ನಾನು ಸತ್ತಿದ್ದೆ," ಎಂದಳು. "ನೀವು ಕಿತ್ತಳೆ ಸುಲೀತಿದ್ರಿ."

'ರೀ' ನಿಂತದ್ದು ಅವತ್ತು. ಒಂದು ವಾರ ಬಿಟ್ಟು ಬೀರುವಿನ ಎಡಗಡೆಯಲ್ಲಿ ಮೊದಲ ಹ್ಯಾಂಗರು ಖಾಲಿಯಾಗಿತ್ತು.

ತಾನು ಮಾಡಿದ ತಪ್ಪೇನು? ನಿಯಮ ನಿಯಮವೇ. ಹೆಂಡತಿಗೊಂದು ನಿಯಮ, ಊರಿಗೊಂದು ನಿಯಮ ಇರುತ್ತದೆಯೇ? ಏನೋ ಇದೆ ಎಂದು ಹೇಳಿ, ಆಮೇಲೆ ಏನೂ ಇಲ್ಲದಿದ್ದರೆ? ಈ ವಾದವನ್ನು ಅವನು ದಿನಕ್ಕೆ ಹತ್ತು ಸಲ ಮನಸ್ಸಿನಲ್ಲೇ ಗೆಲ್ಲುತ್ತಿದ್ದ. ಗೆದ್ದಷ್ಟೂ ಸಿಟ್ಟು ಹೆಚ್ಚಾಗುತ್ತಿತ್ತು.

*

ಹನ್ನೊಂದಕ್ಕೆ ಫೋನು ಬಂತು. ಷಡ್ಡಕ. ಹೆಂಡತಿಯ ಅಕ್ಕನ ಗಂಡ. ಎಲ್ಲದಕ್ಕೂ ನಗುವ ಮನುಷ್ಯ.

"ಏನಯ್ಯಾ, ಎಲುಬು ಎಣಿಸ್ತಿದೀಯಾ?"

"ಹೇಳಿ ಭಾವ."

"ಬೇಜಾರು ಮಾಡ್ಕೋಬೇಡ, ಇವಳು ಕೇಳು ಕೇಳು ಅಂತ ಪ್ರಾಣ ತಿಂತಿದಾಳೆ. ನಮ್ಮನೇಲಿ ಹ್ಯಾಂಗರ್ ಸಾಲ್ತಿಲ್ಲ ಕಣಯ್ಯಾ. ನಾದಿನಿ ಬಟ್ಟೆ ಎಲ್ಲ ಮಂಚದ ಮೇಲೆ ರಾಶಿ ಬಿದ್ದಿದೆ. ನಿಮ್ಮನೇಲಿ ಹೇಗೂ ಖಾಲಿ ಇರಬೇಕಲ್ಲ, ಒಂದು ಇಪ್ಪತ್ತು ಕಳಿಸಿಬಿಡು."

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಹಲೋ? ನಿನಗೆ ಗೊತ್ತು ತಾನೇ? ಅವಳು ಹೇಳಿದಾಳೆ ತಾನೇ?" ಷಡ್ಡಕನ ಸ್ವರದಿಂದ ನಗು ಜಾರಿಬಿತ್ತು. "ನೋಡಯ್ಯಾ, ನಾನೇನೋ..."

"ಪೇಷೆಂಟ್ ಇದ್ದಾರೆ ಭಾವ," ಎಂದು ಫೋನಿಟ್ಟ.

ಪೇಷೆಂಟು ಇರಲಿಲ್ಲ. ಖಾಲಿ ಮೇಜು, ಖಾಲಿ ಕುರ್ಚಿ, ಬಾಗಿಲ ಹಿಂದೆ ಖಾಲಿ ಹ್ಯಾಂಗರು.

ಅವನ ಕಿವಿ ಬಿಸಿಯಾಗಿತ್ತು. ಎಂಥ ಧೈರ್ಯ! ಹ್ಯಾಂಗರು ಬೇಕಂತೆ. ಇಪ್ಪತ್ತು ಬೇಕಂತೆ. 'ನಿನ್ನ ಹೆಂಡತಿ ಇನ್ನು ಇಲ್ಲೇ ಇರುತ್ತಾಳೆ' ಎಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ಅವಳೂ ಅಷ್ಟೇ. ಬಟ್ಟೆ ಒಯ್ದಳು, ಹ್ಯಾಂಗರು ಬಿಟ್ಟಳು. ಹ್ಯಾಂಗರು ತಂದವನು ಅವನಲ್ಲವೇ; ತನ್ನದಲ್ಲದ್ದನ್ನು ಅವಳು ಮುಟ್ಟಿರಲಿಲ್ಲ. ಅಷ್ಟು ಅಚ್ಚುಕಟ್ಟು. ಆ ಅಚ್ಚುಕಟ್ಟುತನವನ್ನು ಅವಳು ಅವನಿಂದಲೇ ಕಲಿತಿದ್ದಳು.

ಡ್ಯೂಟಿ ಮುಗಿಸಿ ಕಾರಿಡಾರಿನ ಕೊನೆಗೆ ಬಂದಾಗ ಸ್ಟೋರ್ ಕೀಪರು ಹಳೆಯ ಡಾರ್ಕ್‌ರೂಮಿನ ಬಾಗಿಲಲ್ಲಿ ನಿಂತಿದ್ದ.

"ಬನ್ನಿ ಬನ್ನಿ ಡಾರ್ಕ್‌ರೂಮ್ ಸಾಹೇಬ್ರೇ. ನಿಮ್ಮ ಅರಮನೆ ಖಾಲಿ ಮಾಡಿಸ್ತಿದೀವಿ."

ಆ ಅಡ್ಡಹೆಸರು ಆಸ್ಪತ್ರೆಗೆಲ್ಲ ಗೊತ್ತಿತ್ತು. ಕಂಪ್ಯೂಟರು ಬರುವ ಮುಂಚೆ ಹದಿನಾರು ವರ್ಷ ಅವನು ಈ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದಿದ್ದ. ಆಮೇಲೆ ಇಲ್ಲಿ ಕಾಲು ಮುರಿದ ಕುರ್ಚಿಗಳನ್ನು ತುಂಬಿದ್ದರು. ಈಗ ಅವನ್ನೂ ಹೊರಗೆ ಸಾಗಿಸುತ್ತಿದ್ದರು. ಬಾಗಿಲ ಮೇಲಿನ ಕೆಂಪು ದೀಪ ಒಡೆದು ವರ್ಷಗಳಾಗಿದ್ದವು.

ಆಗಲೂ ಹ್ಯಾಂಗರುಗಳೇ. ಸ್ಟೀಲಿನ ಚೌಕಟ್ಟು, ನಾಲ್ಕು ಮೂಲೆಗೆ ನಾಲ್ಕು ಕ್ಲಿಪ್ಪು, ಮೇಲೊಂದು ಕೊಕ್ಕೆ. ಕತ್ತಲಲ್ಲಿ ಫಿಲ್ಮನ್ನು ಅದಕ್ಕೆ ಸಿಕ್ಕಿಸಿ ರಾಸಾಯನಿಕದ ತೊಟ್ಟಿಗಳಲ್ಲಿ ಇಳಿಬಿಡಬೇಕು. ಐದು ನಿಮಿಷ ಇದರಲ್ಲಿ, ಹತ್ತು ನಿಮಿಷ ಅದರಲ್ಲಿ. ಕೆಲಸ ಕಲಿಸಿದ ಮುದುಕ ಟೆಕ್ನಿಷಿಯನ್ ಮೊದಲ ದಿನವೇ ಹೇಳಿದ್ದ: "ಇಲ್ಲಿ ಕಣ್ಣಿಲ್ಲ ಅಂದ್ಕೋ. ಎಲ್ಲಾ ಕೈಗೆ ಸಿಗಬೇಕು." ದೊಡ್ಡವು ಎಡಕ್ಕೆ, ಚಿಕ್ಕವು ಬಲಕ್ಕೆ. ಕೊಕ್ಕೆಗಳೆಲ್ಲ ಒಂದೇ ದಿಕ್ಕಿಗೆ. ಒದ್ದೆಯಿದ್ದದ್ದು ಒಣಗಿದ್ದರ ಜತೆ ಸೇರಬಾರದು. ಖಾಲಿಯಾದ ಹ್ಯಾಂಗರು ಆ ಕ್ಷಣವೇ ತನ್ನ ಜಾಗಕ್ಕೆ ಹೋಗಬೇಕು. ತಪ್ಪಿದರೆ ಯಾರದೋ ಎದೆ, ಯಾರದೋ ಬೆನ್ನು ಹಾಳು.

ಇನ್ನೊಂದು ನಿಯಮ ಬಾಗಿಲಿನದು. ಹೊರಗಿನಿಂದ ಯಾರೇ ತಟ್ಟಲಿ, ಒಳಗಿನಿಂದ ಉತ್ತರ ಒಂದೇ: ತೆಗೀಬೇಡಿ, ಬೆಳಕು ಬೀಳುತ್ತೆ.

ಮದುವೆಯಾದ ಹೊಸತರಲ್ಲಿ ಹೆಂಡತಿ ಊಟದ ಡಬ್ಬಿ ಹಿಡಿದುಕೊಂಡು ಬಂದು ಈ ಬಾಗಿಲು ತಟ್ಟಿದ್ದಳು. ಅವಳೆಂದು ತಿಳಿಯದೆ ಅವನು ಅದೇ ಉತ್ತರ ಕೊಟ್ಟಿದ್ದ. ಕಾಲು ಗಂಟೆ ಹೊರಗೆ ನಿಂತು, ಅವನು ಬಾಗಿಲು ತೆಗೆದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಂದಿನಿಂದ ಅದು ಮನೆಯ ಜೋಕಾಯಿತು. ಅವನು ಮುನಿಸಿಕೊಂಡು ಕೋಣೆ ಸೇರಿದರೆ ಅವಳು ಬಾಗಿಲು ತಟ್ಟಿ, ಅವನದೇ ಗಡಸು ದನಿಯಲ್ಲಿ ಅದನ್ನು ಹೇಳುವಳು. ಮಾತು ಬಂದ ಮೇಲೆ ಮಗಳೂ ದನಿಗೂಡಿಸಿದಳು. ಅವನು ನಗದೆ ಹೊರಗೆ ಬಂದದ್ದೇ ಇಲ್ಲ. ಆ ಜೋಕು ಮನೆಯಲ್ಲಿ ಕೊನೆಯದಾಗಿ ಕೇಳಿಸಿದ್ದು ಯಾವಾಗ? ನೆನಪಾಗಲಿಲ್ಲ.

ಗೋಡೆಯ ಮೇಲೆ ಹಳೆಯ ಹ್ಯಾಂಗರ್ ಸ್ಟ್ಯಾಂಡು ಇನ್ನೂ ಇತ್ತು. ಒಂದರ ಕೆಳಗೊಂದು ಮೂರು ಉದ್ದನೆಯ ಸ್ಟೀಲು ಕಂಬಿ.

"ಇದನ್ನ ನಾನು ಒಯ್ಯಲಾ?"

"ಧಾರಾಳವಾಗಿ. ಗುಜರಿಗೇ ಹೋಗೋದು. ಏನ್ ಮಾಡ್ತೀರಿ ಇದನ್ನ ಇಟ್ಕೊಂಡು?"

"ಮನೇಲಿ ಬಟ್ಟೆ ಹ್ಯಾಂಗರ್ ಇಡೋಕೆ."

"ಅದಕ್ಕೆ ಬೀರು ಇರುತ್ತಲ್ಲ ಸಾಹೇಬ್ರೇ?"

"ಖಾಲಿ ಹ್ಯಾಂಗರು."

"ಖಾಲಿ ಹ್ಯಾಂಗರಿಗೆ ಇಷ್ಟು ದೊಡ್ಡ ಸ್ಟ್ಯಾಂಡಾ?" ಸ್ಟೋರ್ ಕೀಪರು ನಕ್ಕ. "ಬಟ್ಟೆ ಹಾಕೋರೆಲ್ಲ ಎಲ್ಲಿಗೆ ಹೋದ್ರು?"

"ಆ ಕಡೆ ಸ್ವಲ್ಪ ಹಿಡ್ಕೊಳ್ಳಿ," ಎಂದು ಅವನು ಸ್ಕ್ರೂ ಬಿಚ್ಚತೊಡಗಿದ.

*

ಮನೆಯೊಳಗಿನ ಓಣಿಗೆ ತೆರೆದುಕೊಳ್ಳುವ ಒಂದು ಸಾಮಾನಿನ ಕೋಣೆಯಿತ್ತು. ಕಿಟಕಿಯಿಲ್ಲ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಅಲ್ಲಿದ್ದ ಹಳೆಯ ಪತ್ರಿಕೆಗಳನ್ನೂ ಒಡೆದ ಫ್ಯಾನನ್ನೂ ಹೊರಗೆಸೆದು, ಬಲ್ಬು ಹಾಕಿ, ಗೋಡೆಗೆ ಗುರುತು ಮಾಡಿದ. ಡ್ರಿಲ್ಲು ಗೋಡೆಗೆ ಇಳಿಯುವಾಗ ಸುಣ್ಣದ ಪುಡಿ ಮುಖಕ್ಕೆ ಎರಚಿತು. ಹಿತವೆನಿಸಿತು. ಬೇಕಾದ್ದಕ್ಕಿಂತ ಆಳ ಕೊರೆದ.

ಎರಡು ಗಂಟೆ ಹೊತ್ತಿಗೆ ಮೂರು ಕಂಬಿಗಳೂ ಗೋಡೆಯ ಮೇಲಿದ್ದವು. ಬೀರುವಿನಿಂದ ಖಾಲಿ ಹ್ಯಾಂಗರುಗಳನ್ನು ತೋಳಿನ ತುಂಬ ತಬ್ಬಿಕೊಂಡು ತಂದು ನೆಲಕ್ಕೆ ಸುರಿದ. ಒಂದೊಂದನ್ನೇ ಬಿಡಿಸಿದ. ಮರದವು ಮೇಲಿನ ಸಾಲಿಗೆ, ಪ್ಲಾಸ್ಟಿಕ್ಕಿನವು ನಡುವೆ, ಇಸ್ತ್ರಿ ಅಂಗಡಿಯ ತಂತಿಯವು ಕೆಳಗೆ. ಕೊಕ್ಕೆಗಳೆಲ್ಲ ಗೋಡೆಯ ಕಡೆಗೆ. ಎರಡರ ನಡುವೆ ಒಂದು ಬೆರಳಿನ ಅಂತರ.

ಯಾವುದರ ಮೇಲೆ ಏನಿತ್ತು ಎಂದು ಅವನು ಯೋಚಿಸಲಿಲ್ಲ. ಆದರೆ ಕೈಗೆ ಗೊತ್ತಿತ್ತು. ಈ ಅಗಲ ಹೆಗಲಿನದು ಅವಳ ಚಳಿಗಾಲದ ಉದ್ದ ಕೋಟಿನದು. ಬಿಳಿ ಪ್ಲಾಸ್ಟಿಕ್ಕಿನದು, ಮಗಳ ಶಾಲೆಯ ಮೊದಲ ದಿನ ಹೆಂಡತಿ ತೊಟ್ಟುಕೊಂಡ ಹೂವಿನ ಅಂಗಿಯದು. ಕೈ ಹೇಳುತ್ತಿತ್ತು, ಅವನು ಅದರ ಬಾಯಿ ಮುಚ್ಚಿಸಿ ಮುಂದಿನದನ್ನು ಎತ್ತಿಕೊಳ್ಳುತ್ತಿದ್ದ.

ಒಂದು ಮರದ ಹ್ಯಾಂಗರು ಸಾಲಿನಲ್ಲಿ ಸರಿಯಾಗಿ ಕೂರಲಿಲ್ಲ. ಅದರ ಎರಡು ತುದಿಗಳಿಗೂ ಕೆಂಪು ಉಣ್ಣೆ ದಾರ ಒತ್ತೊತ್ತಾಗಿ ಸುತ್ತಿತ್ತು. ಜಾರುವ ರೇಷ್ಮೆ ಅಂಗಿ ಜಾರದಿರಲೆಂದು ಎಂದೋ ಅವಳು ಸುತ್ತಿದ್ದು. ದಾರದ ದಪ್ಪಕ್ಕೆ ಪಕ್ಕದ ಹ್ಯಾಂಗರು ಓರೆಯಾಗುತ್ತಿತ್ತು. ಬ್ಲೇಡು ತಂದು ಕುಯ್ಯತೊಡಗಿದ.

"ಅದು ಅಮ್ಮ ಸುತ್ತಿದ್ದು."

ಮಗಳು ಕಾಲೇಜಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು.

"ಬೇರೆಯವುಗಳ ಜತೆ ಕೂರಲ್ಲ," ಎಂದ.

"ಅಪ್ಪಾ, ನಿಂಗೆ ಗೊತ್ತಿದೆ."

"ಏನು?"

"ಏನೂಂತ ನನ್ನ ಬಾಯಲ್ಲಿ ಹೇಳಿಸ್ಬೇಡ."

"ಆ ಸ್ಕ್ರೂ ಡಬ್ಬಿ ಇತ್ತ ತಳ್ಳು."

ಅವಳು ತಳ್ಳಲಿಲ್ಲ. "ದೊಡ್ಡಮ್ಮನ ಮನೇಲಿ ಅಮ್ಮನಿಗೆ ಒಂದು ಕೋಣೆ ಬಿಟ್ಟುಕೊಟ್ಟಿದಾರೆ. ಇವತ್ತು ಸಂಜೆ ಮಾತಾಡೋದಿದೆ ಅಂದಿದಾಳಲ್ಲ, ಅದೇ. ನೀನು ಅತ್ತು ಕರೆದು ಮಾಡಬೇಕಾಗಿಲ್ಲ. ಹೋಗಬೇಡ ಅಂತಾನೂ ಅನ್ನಬೇಡ. ಎಲ್ಲಿಗೆ ಅಂತ ಕೇಳು, ಸಾಕು."

"ಹೇಳೋದಿದ್ರೆ ಅವಳೇ ಹೇಳಬಹುದಲ್ಲ?"

"ಹೇಳ್ತಾನೇ ಇದಾಳಲ್ಲಪ್ಪಾ ನಾಲ್ಕು ತಿಂಗಳಿಂದ! ಸೂಟ್‌ಕೇಸ್ ತುಂಬಿಕೊಂಡು ಒಂದೇ ದಿನ ಹೋಗೋಕೆ ಬರ್ತಿರಲಿಲ್ವಾ ಅವಳಿಗೆ? ಒಂದೊಂದೇ ಬಟ್ಟೆ ಯಾಕೆ ಒಯ್ತಿದಾಳೆ? ನಿನ್ನ ಕಣ್ಣೆದುರಿಗೇ ಯಾಕೆ ಚೀಲಕ್ಕೆ ಹಾಕ್ಕೊಳ್ತಾಳೆ? ನೀನು ಕೇಳ್ಲಿ ಅಂತ. ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ. ನೀನು ನೋಡಿದರೆ..." ಅವಳು ಗೋಡೆಯ ಕಡೆ ಕೈ ತೋರಿಸಿದಳು.

"ನಿನಗೆ ಇದೆಲ್ಲ ಅರ್ಥ ಆಗಲ್ಲ," ಎಂದ. "ಓದ್ಕೋ ಹೋಗು."

"ನಾನು ಓದ್ತೀನಿ," ಎಂದಳು ಮಗಳು. "ಓದೋಕೆ ಬರದೇ ಇರೋದು ನಿನಗೆ."

ಅವಳ ಕೋಣೆಯ ಬಾಗಿಲು ದಡಾರನೆ ಮುಚ್ಚಿಕೊಂಡಿತು. ಸಾಲಿನಲ್ಲಿದ್ದ ಹ್ಯಾಂಗರುಗಳು ಸಣ್ಣಗೆ ತೂಗಾಡಿ ನಿಂತವು. ದಾರದ ತುಂಡುಗಳು ನೆಲದ ಮೇಲೆ ಬಿದ್ದಿದ್ದವು. ಕೊನೆಯ ಹ್ಯಾಂಗರನ್ನು ತೂಗುಹಾಕಿ ಎಣಿಸಿದ. ನಲವತ್ತೊಂದು.

ಎಲ್ಲಿಗೆ?

ಮೆಲ್ಲಗೆ, ತುಟಿ ಅಲುಗಿಸಿ ನೋಡಿದ. ಎಲ್ಲಿಗೆ. ಅಷ್ಟೇ. ಒಂದು ಉಸಿರೂ ಬೇಡ. ಬಸ್ಸಿನ ಕಂಡಕ್ಟರು ದಿನಕ್ಕೆ ಸಾವಿರ ಸಲ ಕೇಳುತ್ತಾನೆ. ತಾನು ಕೇಳಬಲ್ಲೆ. ಸಂಜೆ ಅವಳು ಬಂದ ತಕ್ಷಣ, ಚಪ್ಪಲಿ ಬಿಡುವ ಮುಂಚೆ ಕೇಳಿಬಿಡಬೇಕು.

*

ಹೊರಗೆ ಬೆಳಕು ಇಳಿಯುತ್ತಿರುವಾಗ ಬೀದಿಬಾಗಿಲು ಸದ್ದಾಯಿತು. ಅವಳ ಹೆಜ್ಜೆ ಓಣಿಯಲ್ಲಿ ಬಂದು ಸಾಮಾನಿನ ಕೋಣೆಯ ಎದುರು ನಿಂತಿತು. ನೀಲಿ ಕೋಟು, ಬೆಳಿಗ್ಗೆಯ ಚೀಲ. ಈಗ ಚೀಲ ಚಪ್ಪಟೆಯಾಗಿತ್ತು. ಮಾತು ಅವನ ನಾಲಿಗೆಯ ತುದಿಯಲ್ಲಿತ್ತು.

"ನೋಡ್ಕೊಂಡು ಕಾಲಿಡು. ಸುಣ್ಣದ ಪುಡಿ ಬಿದ್ದಿದೆ," ಎಂದ.

"ಮುಗೀತಾ?"

"ಮುಗೀತು. ಈಗ ಒಂದು ಎಳೆದ್ರೆ ಒಂದೇ ಬರುತ್ತೆ."

ಅವಳು ಒಳಗೆ ಬಂದು ನಡುವಿನ ಸಾಲಿನಿಂದ ಒಂದನ್ನು ಎಳೆದಳು. ಒಂದೇ ಬಂತು. ಅದನ್ನು ತಿರುಗಿಸಿ ನೋಡಿ ಮತ್ತೆ ತೂಗುಹಾಕಿದಳು. ಕೊಕ್ಕೆ ಉಲ್ಟಾ ಆಗಿತ್ತು. ಅವನ ಕೈ ತಾನಾಗಿ ಮುಂದೆ ಹೋಗಿ ಅದನ್ನು ಸರಿಮಾಡಿತು. ಅವಳು ಆ ಕೈಯನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ," ಎಂದಳು. "ಎಷ್ಟಾಯ್ತು?"

"ನಲವತ್ತೊಂದು."

"ಎಣಿಸಿದ್ರಾ?"

"ಎಣಿಸದೆ ಜೋಡಿಸೋಕಾಗಲ್ಲ."

"ನಲವತ್ತೊಂದು ಅಂತ ಎಣಿಸಿದಾಗ ಏನನ್ನಿಸ್ತು?"

ಎಲ್ಲಿಗೆ ಎಂದು ಕೇಳಬೇಕು. ಈಗ. ಇದೇ ಸಮಯ.

"ಇನ್ನೂ ಎರಡು ಹಿಡಿಯುತ್ತೆ ಅನ್ನಿಸ್ತು."

ಅವಳು ತಲೆಯಾಡಿಸಿದಳು, ಪರೀಕ್ಷೆಯ ಉತ್ತರ ಮೊದಲೇ ಗೊತ್ತಿದ್ದ ಮೇಷ್ಟರ ಹಾಗೆ. ಮಲಗುವ ಕೋಣೆಗೆ ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿತು. ವಾಪಸು ಬಂದಾಗ ಒಂದು ಕೈಯಲ್ಲಿ ಸ್ವೆಟರೂ ಬೂದು ಅಂಗಿಯೂ, ಇನ್ನೊಂದರಲ್ಲಿ ಎರಡು ಹ್ಯಾಂಗರು.

"ಹಾಗಾದ್ರೆ ಇವೂ ಇಟ್ಟುಬಿಡಿ."

ಅವನು ತೆಗೆದುಕೊಂಡ. ಒಂದು ಮರದ್ದು, ಒಂದು ತಂತಿಯದು. ಮರದ್ದು ಮೇಲಿನ ಸಾಲಿಗೆ, ತಂತಿಯದು ಕೆಳಗೆ. ಸರಿಯಾಗಿ ಕೂತವು.

ಅವಳು ಬಗ್ಗಿ ನೆಲದಿಂದ ಕೆಂಪು ದಾರದ ತುಂಡೊಂದನ್ನು ಎತ್ತಿಕೊಂಡಳು. "ಇದು?"

"ಬಟ್ಟೆ ಜಾರದೇ ಇರ್ಲಿ ಅಂತ ಸುತ್ತಿದ್ದೆಯಲ್ಲ. ಈಗ ಜಾರೋಕೆ ಏನೂ ಇಲ್ವಲ್ಲ."

ಹೇಳಿದ ಮೇಲೆ ಅವನಿಗೆ ಅದು ಕೇಳಿಸಿತು. ಅವಳಿಗೂ ಕೇಳಿಸಿತು. ನಾಲ್ಕು ತಿಂಗಳಲ್ಲಿ ಅವನು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಅವಳು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕಾದಳು. ಬಲ್ಬಿನ ಬೆಳಕಿನಲ್ಲಿ ಅವಳ ಮುಖ ತೀರಾ ಹತ್ತಿರವಿತ್ತು. ಕಣ್ಣ ಕೆಳಗಿನ ಕಪ್ಪು, ಬಿಗಿಹಿಡಿದ ತುಟಿ. ಅವನು ಎಲ್ಲವನ್ನೂ ನೋಡಿದ. ಉಸಿರು ಹಿಡಿದುಕೊಂಡಿದ್ದಳು. 'ಬಿಡು' ಎನ್ನಬೇಕಾದವನು ಅವನು.

"ನಿಮ್ಮ ಭಾವ ಫೋನ್ ಮಾಡಿದ್ರು," ಎಂದ. "ಹ್ಯಾಂಗರ್ ಬೇಕಂತೆ."

"ನೀವೇನಂದ್ರಿ?"

"ಪೇಷೆಂಟ್ ಇದ್ದಾರೆ ಅಂದೆ."

"ಇದ್ರಾ?"

"ಇರಲಿಲ್ಲ."

ಅವಳು ಉಸಿರು ಬಿಟ್ಟಳು. ಸ್ವೆಟರನ್ನೂ ಅಂಗಿಯನ್ನೂ ತೋಳಿನ ಮೇಲೆ ಹಾಕಿಕೊಂಡು ಓಣಿಯಲ್ಲಿ ನಡೆದುಹೋದಳು.

ಸಿಟ್ಟು ಅವನ ಅಂಗಾಲಿನಿಂದ ಹತ್ತಿ ಬಂತು. ಯಾರ ಮೇಲೆ ಎಂದು ಹುಡುಕಿದ. ಷಡ್ಡಕ. ಮಗಳು. ಆ ಅಜ್ಜಿ. ರಜೆಗೆ ಹೋದ ಡಾಕ್ಟರು. ಒಬ್ಬರ ಮೇಲೂ ಅದು ಸರಿಯಾಗಿ ಕೂರಲಿಲ್ಲ. ತೂಗುಹಾಕಿದ ಕಡೆಯಿಂದೆಲ್ಲ ಜಾರಿ ಕೆಳಗೆ ಬೀಳುತ್ತಿತ್ತು. ಎರಡೂ ಕೈಗಳಿಂದ ಕಂಬಿ ಹಿಡಿದು ಗೋಡೆಯಿಂದ ಕಿತ್ತುಬಿಡುವಂತೆ ಜಗ್ಗಿದ. ಆಳವಾಗಿ ಕೊರೆದಿದ್ದ. ಕದಲಲಿಲ್ಲ.

ಹ್ಯಾಂಗರುಗಳು ಒಂದಕ್ಕೊಂದು ಬಡಿದು ಸದ್ದು ಮಾಡಿದವು. ಒಂದೂ ಬೀಳಲಿಲ್ಲ. ಒಂದೂ ಸಿಕ್ಕಿಕೊಳ್ಳಲಿಲ್ಲ.

ಕೆಲಸ ಸರಿಯಾಗಿದೆಯೇ ಎಂದು ನೋಡಲು ಒಂದೇ ದಾರಿ. ಅವನು ಬಾಗಿಲು ಮುಚ್ಚಿದ. ಬಲ್ಬು ಆರಿಸಿದ.

ಬಾಗಿಲಿನ ಕೆಳಗಿನ ಸಂದಿಗೆ ಹಳೆಯ ಬಟ್ಟೆ ತುರುಕಿದ ಮೇಲೆ ಕತ್ತಲು ಪೂರ್ತಿಯಾಯಿತು. ಕೈ ಚಾಚಿದ. ಎಡಕ್ಕೆ ಅಗಲವಾದದ್ದು, ಸಿಕ್ಕಿತು. ಬಲಕ್ಕೆ ಚಿಕ್ಕದು, ಸಿಕ್ಕಿತು. ಮರ, ಪ್ಲಾಸ್ಟಿಕ್ಕು, ತಂತಿ. ಎಲ್ಲವೂ ಒಣಗಿದ್ದವು. ಎಲ್ಲವೂ ಕೈಯಲ್ಲಿದ್ದವು. ಉಸಿರು ನಿಧಾನವಾಯಿತು. ದಿನವೆಲ್ಲ ಇಷ್ಟು ಹಾಯೆನಿಸಿರಲಿಲ್ಲ.

ಹೊರಗೆ ಸೂಟ್‌ಕೇಸಿನ ಚಕ್ರಗಳು ನೆಲದ ಮೇಲೆ ಉರುಳಿದ ಸದ್ದು. ಮಗಳ ದನಿ, ಮೆಲ್ಲಗೆ, ಏನೋ ಕೇಳಿತು. ಉತ್ತರ ಕೇಳಿಸಲಿಲ್ಲ. ಚಕ್ರಗಳು ಓಣಿಯುದ್ದಕ್ಕೂ ಬಂದು, ಕೋಣೆಯ ಬಾಗಿಲ ಎದುರು ನಿಂತವು.

ಎರಡು ಸಲ ತಟ್ಟಿದ ಸದ್ದು. ಹಗುರವಾಗಿ.

"ರೀ."

ನಾಲ್ಕು ತಿಂಗಳ ನಂತರ. ಮರದ ಬಾಗಿಲಿನ ಆಚೆಯಿಂದ, ಒಂದೇ ಅಕ್ಷರ. ಅದರೊಳಗೆ ನಗು ಇತ್ತೋ ಅಳು ಇತ್ತೋ, ಕತ್ತಲಲ್ಲಿ ಗೊತ್ತಾಗಲಿಲ್ಲ. ಅವನ ಬಾಯಿ ತೆರೆಯಿತು. ಇಡೀ ಮಧ್ಯಾಹ್ನ ತುಟಿಯ ಮೇಲೆ ತಿದ್ದಿ ತೀಡಿದ ಮಾತು ಅಲ್ಲೇ ಎಲ್ಲೋ ಇತ್ತು. ಕೈ ಹಾಕಿದರೆ ಸಿಗಬೇಕಿತ್ತು.

"ತೆಗೀಬೇಡಿ," ಎಂದಿತು ಅವನ ದನಿ, ಹಳೆಯ ಗಡಸಿನಲ್ಲಿ. "ಬೆಳಕು ಬೀಳುತ್ತೆ."

ಆಚೆ ಯಾರೂ ನಗಲಿಲ್ಲ. ಯಾರೂ ದನಿಗೂಡಿಸಲಿಲ್ಲ. ಚಕ್ರಗಳೂ ಉರುಳಲಿಲ್ಲ.

ಡಾರ್ಕ್‌ರೂಮಿನ ಲೆಕ್ಕದಲ್ಲಿ ಐದು ನಿಮಿಷವಾಗದೆ ಬಾಗಿಲು ತೆಗೆಯುವಂತಿರಲಿಲ್ಲ. ಅವನು ಕತ್ತಲಲ್ಲಿ ಮೊದಲ ಹ್ಯಾಂಗರಿನ ಎರಡು ಹೆಗಲುಗಳ ಮೇಲೆ ಎರಡು ಕೈಯಿಟ್ಟು ನಿಂತು, ಸೆಕೆಂಡುಗಳನ್ನು ಎಣಿಸತೊಡಗಿದ.